ಡಾಕ್ಟರಮ್ಮಾ, ಕರು ಕೆಮ್ಮುತ್ತಿದೆ

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕೂ ಜಾಸ್ತಿ ಕರುಗಳ ಕೆಮ್ಮು, ಉಬ್ಬಸದ್ದೇ. ಮಳೆ ಹಿಡಿದಾಗ, ಚಳಿ ಶುರುವಾದಾಗ ಪ್ರತಿ ವರ್ಷ ಹೀಗೇ. ಅದಕ್ಕೇ ಗಬ್ಬ ನಿಲ್ಲದ ಹಸು, ಕೆಚ್ಚಲು ಬಾವು, ಎಲ್ಲವನ್ನೂ ಮುಂದಿನ ಸಂಚಿಕೆಗೆ ಎತ್ತಿಟ್ಟಿದ್ದೇನೆ. ಬರೆದವರು ಬೇಜಾರು ಮಾಡ್ಕೋಬೇಡಿ.

ಪ್ರಶ್ನೆ: ನಮ್ಮ ಮನೆಯಲ್ಲಿ ಎರಡು ತಿಂಗಳ ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್ ತಳಿ) ಕ್ರಾಸ್ ಹೆಣ್ಣುಗರು ಇದೆ. ನಾಲ್ಕೈದು ದಿನದಿಂದ ಬೆಳಿಗ್ಗೆ ಎದ್ದ ತಕ್ಷಣ ಎರಡು ಮೂರು ಸಲ ಕೆಮ್ಮುತ್ತದೆ. ಮೂಗು ಸ್ವಲ್ಪ ಸುರಿಯುತ್ತದೆ. ಹಾಲು ಕುಡಿಯುತ್ತದೆ, ಆದರೆ ಮೊದಲಿನ ಹಾಗೆ ಬಕೆಟ್‌ಗೆ ನುಗ್ಗುವುದಿಲ್ಲ. ಮಾವನವರು ‘ಬರೀ ಶೀತ, ತಾನಾಗೇ ಹೋಗುತ್ತೆ’ ಅನ್ನುತ್ತಾರೆ. ಶೀತವೋ ಎದೆಯ ಕಾಯಿಲೆಯೋ ಅಂತ ನಾವೇ ಗೊತ್ತು ಮಾಡಿಕೊಳ್ಳುವುದು ಹೇಗೆ? — ಓದುಗರು, ಅರಸೀಕೆರೆ ತಾಲ್ಲೂಕು

ಉತ್ತರ: ತಾಯಿ, ನಿಮ್ಮ ಪತ್ರದಲ್ಲಿ ನನಗೆ ಮುಖ್ಯ ಅನ್ನಿಸಿದ್ದು ಕೆಮ್ಮಲ್ಲ. ‘ಬಕೆಟ್‌ಗೆ ನುಗ್ಗುವುದಿಲ್ಲ’ ಅಂದಿರಲ್ಲ, ಅದು. ದನಗಳು ಕಾಯಿಲೆ ಮುಚ್ಚಿಡುವ ಜಾತಿ. ನೀವು ಹತ್ತಿರ ಹೋದರೆ ಎದ್ದು ನಿಲ್ಲುತ್ತವೆ, ಕಿವಿ ನಿಮಿರಿಸುತ್ತವೆ, ಚೆನ್ನಾಗಿದ್ದೇನೆ ಅನ್ನುವಂತೆ ನೋಡುತ್ತವೆ. ಜೋರು ಕೆಮ್ಮು, ದಪ್ಪ ಸಿಂಬಳ ಕಾಣಿಸುವ ಹೊತ್ತಿಗೆ ಎಷ್ಟೋ ಸಲ ಎದೆಯೊಳಗೆ ಕೆಲಸ ಅರ್ಧ ಮುಗಿದಿರುತ್ತದೆ. ಹಾಲಿನ ಹೊತ್ತಿಗೆ ಎದ್ದು ಬರುವ ಆತುರ ಕಮ್ಮಿಯಾಗುವುದು ಅದಕ್ಕಿಂತ ಮೊದಲು. ಅದನ್ನು ನೋಡುವವರು ದಿನಾ ಹಾಲು ಕುಡಿಸುವವರೇ, ಡಾಕ್ಟರಲ್ಲ.

ಹಾಗಾಗಿ ನಾಳೆ ಬೆಳಿಗ್ಗೆ ಹೀಗೆ ಮಾಡಿ. ಕರುವನ್ನು ಎಬ್ಬಿಸಬೇಡಿ. ಬಾಗಿಲ ಹತ್ತಿರ ನಿಂತು, ಅದು ಮಲಗಿರುವಾಗಲೇ ಪಕ್ಕೆಯ ಕಡೆ ನೋಡಿ. ಪಕ್ಕೆ ಒಂದು ಸಲ ಮೇಲೆದ್ದು ಇಳಿದರೆ ಒಂದು ಉಸಿರು. ಮೊಬೈಲ್‌ನಲ್ಲಿ ಒಂದು ನಿಮಿಷ ಇಟ್ಟುಕೊಂಡು ಎಣಿಸಿ. ಈ ವಯಸ್ಸಿನ ಕರು ತಣ್ಣಗೆ ಮಲಗಿರುವಾಗ ಸುಮಾರು 25ರಿಂದ 40 ಇರುತ್ತದೆ. ಬೆಳಗಿನ ತಂಪಿನಲ್ಲೂ 50 ದಾಟಿದರೆ ಸರಿಯಿಲ್ಲ. ಮಧ್ಯಾಹ್ನದ ಬಿಸಿಲಲ್ಲಿ ಎಣಿಸಬೇಡಿ. ಆಗ ಚೆನ್ನಾಗಿರೋ ಕರುವೂ ಏದುಸಿರು ಬಿಡುತ್ತದೆ, ಸುಮ್ನೆ ಗಾಬರಿ. ಎಣಿಸುವಾಗಲೇ ಇನ್ನೊಂದು ಗಮನಿಸಿ: ಎದೆ ಸಲೀಸಾಗಿ ಆಡುತ್ತಿದೆಯೋ, ಅಥವಾ ಹೊಟ್ಟೆ ಎಳೆದು ಎಳೆದು ಉಸಿರು ಹೊರಗೆ ತಳ್ಳುತ್ತಿದೆಯೋ? ಕತ್ತು ಮುಂದೆ ಚಾಚಿ, ಮೊಣಕೈ ಹೊರಗೆ ಮಾಡಿಕೊಂಡು ನಿಂತಿದ್ದರೆ ಅದು ಕಷ್ಟಪಟ್ಟು ಉಸಿರಾಡುತ್ತಿದೆ ಅಂತಲೇ ಅರ್ಥ. ಅಂಥದ್ದಕ್ಕೆ ಮುಂದಿನ ಪರೀಕ್ಷೆಯೆಲ್ಲ ಬೇಡ, ತಕ್ಷಣ ಫೋನ್ ಮಾಡಿ.

ಆಮೇಲೆ ಜ್ವರ ನೋಡಿ. ಮೆಡಿಕಲ್ ಶಾಪಿನಲ್ಲಿ ಮನುಷ್ಯರಿಗೆ ಕೊಡುವ ಡಿಜಿಟಲ್ ಥರ್ಮಾಮೀಟರ್ ಸಾಕು. ಆದರೆ ಅದನ್ನು ಕೊಟ್ಟಿಗೆಗೇ ಬಿಟ್ಟುಬಿಡಿ, ಮನೆಯೊಳಗೆ ವಾಪಸ್ ತರಬೇಡಿ! ಹಿಂಬದಿಗೆ ಒಂದು ದಾರ ಕಟ್ಟಿ. ತುದಿಗೆ ಸ್ವಲ್ಪ ಕೊಬ್ಬರಿ ಎಣ್ಣೆ ಸವರಿ, ಬಾಲ ಎತ್ತಿ, ಗುದದ್ವಾರದಲ್ಲಿ ನಿಧಾನಕ್ಕೆ ಒಳಗೆ ಬಿಡಿ. ತುದಿ ಸಗಣಿಯೊಳಗೆ ಚುಚ್ಚಿಕೊಳ್ಳಬಾರದು, ಒಳಗಿನ ಗೋಡೆಗೆ ತಾಕಬೇಕು. ಇಲ್ಲದಿದ್ದರೆ ಕಮ್ಮಿ ತೋರಿಸುತ್ತದೆ. 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್ ಇದ್ದರೆ ಸರಿ. 103 ಆದರೆ ಅನುಮಾನ ಪಡಿ, ಸಂಜೆ ಮತ್ತೆ ನೋಡಿ. ಅದರ ಜೊತೆ ಉಸಿರೂ ಜಾಸ್ತಿ ಇದ್ದರೆ ಸಂಜೆವರೆಗೆ ಕಾಯಬೇಡಿ. ಕಿವಿ ಮುಟ್ಟಿ, ಮೂತಿ ಮುಟ್ಟಿ ಜ್ವರ ಹೇಳುವವರು ಪ್ರತಿ ಊರಲ್ಲೂ ಒಬ್ಬರಿರುತ್ತಾರೆ. ಅವರ ಮಾತು ಕೇಳಿ ನಕ್ಕು ಸುಮ್ಮನಾಗಿ, ಥರ್ಮಾಮೀಟರ್ ಇಡಿ.

ಮೂಗಿನ ಮಾತು. ನೀರಿನ ಹಾಗೆ ತೆಳ್ಳಗೆ ಸುರಿದರೆ ಅಷ್ಟೇನೂ ಭಯವಿಲ್ಲ. ಒಂದು ಹೊಳ್ಳೆಯಿಂದ ಎರಡಕ್ಕೂ ಬಂದು, ಬಿಳಿಯಿಂದ ಹಳದಿಗೆ ತಿರುಗಿ, ಅಂಟಂಟಾದರೆ ಕಾಯಿಲೆ ಮುಂದುವರಿದಿದೆ. ಚೆನ್ನಾಗಿರೋ ಕರು ತನ್ನ ಮೂಗನ್ನು ತಾನೇ ನೆಕ್ಕಿಕೊಂಡು ಶುಚಿಯಾಗಿಟ್ಟುಕೊಳ್ಳುತ್ತದೆ. ಸಿಂಬಳ ಮೂತಿಯ ಮೇಲೆ ಒಣಗಿ ಹಕ್ಕಳೆ ಕಟ್ಟಿದೆ ಅಂದರೆ ಅದಕ್ಕೆ ನೆಕ್ಕಿಕೊಳ್ಳುವ ಉತ್ಸಾಹವೂ ಇಲ್ಲ ಅಂತ. ಒಂದು ಕಿವಿ ಜೋತು ಬಿದ್ದಿದ್ದರೆ, ತಲೆ ಒಂದು ಕಡೆ ವಾಲಿದ್ದರೆ ಅದನ್ನೂ ಬರೆದಿಟ್ಟುಕೊಳ್ಳಿ. ಮೈಕೋಪ್ಲಾಸ್ಮಾ ಅನ್ನುವ ಸೂಕ್ಷ್ಮಜೀವಿ ಎದೆಯ ಜೊತೆ ಕಿವಿಯೊಳಗೂ ಸೇರಿಕೊಳ್ಳುತ್ತದೆ. ಅದಕ್ಕೆ ಕೆಲವು ಔಷಧಿಗಳು ಏನೂ ಮಾಡುವುದಿಲ್ಲ, ಹಾಗಾಗಿ ಡಾಕ್ಟರಿಗೆ ಈ ವಿಷಯ ಬೇಕಾಗುತ್ತದೆ.

ಈಗ ಮಾವನವರ ಮಾತಿಗೆ ಬರ್ತೀನಿ. ಅವರು ಪೂರ್ತಿ ತಪ್ಪಲ್ಲ. ಶುರುವಾಗುವುದು ಬಹಳ ಸಲ ವೈರಸ್‌ನಿಂದಲೇ, ಅಂದರೆ ಶೀತದ ಥರವೇ. ಆದರೆ ಆ ವೈರಸ್ ಗಾಳಿಕೊಳವೆಯ ಒಳಪದರವನ್ನು ಹಾಳು ಮಾಡಿ ಹೋಗುತ್ತದೆ. ಅಲ್ಲಿ ಕಸವನ್ನು ಮೇಲಕ್ಕೆ ತಳ್ಳುವ ಸಣ್ಣ ಸಣ್ಣ ಕೂದಲಿನಂಥವು ಇರುತ್ತವೆ, ಅವು ಕೆಲಸ ನಿಲ್ಲಿಸುತ್ತವೆ. ಪಾಶ್ಚುರೆಲ್ಲಾ, ಮ್ಯಾನ್‌ಹೈಮಿಯಾ ಅನ್ನುವ ಬ್ಯಾಕ್ಟೀರಿಯಾಗಳು ಚೆನ್ನಾಗಿರೋ ಕರುವಿನ ಮೂಗು ಗಂಟಲಲ್ಲೂ ಸುಮ್ಮನೆ ಕೂತಿರುತ್ತವೆ. ದಾರಿ ಖಾಲಿಯಾದ ತಕ್ಷಣ ಅವು ಕೆಳಗಿಳಿಯುತ್ತವೆ. ಶೀತ ಅಂತ ಬಿಟ್ಟಿದ್ದು ನ್ಯುಮೋನಿಯಾ ಆಗುವುದು ಹೀಗೆ.

ಇಳಿದವು ಮೊದಲು ಹಿಡಿಯುವುದು ಎದೆಯ ಮುಂಭಾಗದ ಕೆಳಗಿನ ಭಾಗವನ್ನು. ದನಗಳಲ್ಲಿ ಶ್ವಾಸಕೋಶದ ಬಲಗಡೆಯ ಮುಂದಿನ ಹಾಲೆಗೆ, ಅಂದರೆ ಆ ಭಾಗಕ್ಕೆ, ಶ್ವಾಸನಾಳದಿಂದಲೇ ಬೇರೆ ಕವಲು ಹೋಗುತ್ತದೆ, ಉಳಿದ ಕವಲುಗಳಿಗಿಂತ ಮೇಲೆಯೇ. ಕೆಳಗಿಳಿದ ಬ್ಯಾಕ್ಟೀರಿಯಾಕ್ಕೆ ಮೊದಲು ಸಿಗುವ ಬಾಗಿಲು ಅದು. ಅದಕ್ಕೇ ನಾವು ಸ್ಟೆತಸ್ಕೋಪನ್ನು ಪಕ್ಕೆಯ ಮೇಲಿಟ್ಟು ಸುಮ್ಮನಾಗುವುದಿಲ್ಲ, ಮುಂಗಾಲಿನ ಕಂಕುಳಿಗೆ ತುರುಕಿ ಕೇಳುತ್ತೇವೆ. ನಿಮ್ಮೂರಿಗೆ ಬಂದ ಡಾಕ್ಟರು ಕರುವಿನ ಕಾಲು ಮುಂದೆ ಎಳೆದು ಅಲ್ಲಿ ಕೇಳಿದರೆ, ಸರಿಯಾದ ಜಾಗದಲ್ಲೇ ಹುಡುಕುತ್ತಿದ್ದಾರೆ ಅಂದುಕೊಳ್ಳಿ.

ಸತ್ತ ಕರುಗಳನ್ನು ಕೊಯ್ದು ನೋಡುವುದು ನನ್ನ ಕೆಲಸದಲ್ಲಿ ಒಂದಾಗಿತ್ತು. ಆರೋಗ್ಯವಂತ ಶ್ವಾಸಕೋಶ ತಿಳಿ ಗುಲಾಬಿ ಬಣ್ಣ, ಹಿಸುಕಿದರೆ ಗಾಳಿಯ ಚರಚರ ಸದ್ದು ಬೆರಳಿಗೇ ಗೊತ್ತಾಗುತ್ತದೆ. ನ್ಯುಮೋನಿಯಾ ಹಿಡಿದ ಭಾಗ ಕಡುಗೆಂಪು, ಕುರಿ ಕೊಯ್ದಾಗ ಸಿಗುವ ಈಲಿಯ (ಲಿವರ್) ಹಾಗೆ ಗಟ್ಟಿ. ಎರಡರಿಂದಲೂ ಒಂದೊಂದು ತುಂಡು ಕತ್ತರಿಸಿ ಬಕೆಟ್ ನೀರಿಗೆ ಹಾಕಿದರೆ ಒಂದು ತೇಲುತ್ತದೆ, ಇನ್ನೊಂದು ಮುಳುಗುತ್ತದೆ. ಕರು ಕಳೆದುಕೊಂಡ ಮನೆಯವರಿಗೆ ಅದನ್ನು ತೋರಿಸುತ್ತಿದ್ದೆ. ಮುಳುಗುವ ತುಂಡಿನಲ್ಲಿ ಗಾಳಿಗೆ ಜಾಗವೇ ಇರುವುದಿಲ್ಲ. ಕರು ಬದುಕಿಕೊಂಡರೂ ಅಂಥ ಜಾಗ ಎಷ್ಟೋ ಸಲ ಪೂರ್ತಿ ಮೊದಲಿನಂತಾಗುವುದಿಲ್ಲ. ಅಂಥ ಹೆಣ್ಣುಗರು ನಿಧಾನಕ್ಕೆ ಬೆಳೆಯುತ್ತದೆ, ತಡವಾಗಿ ಬೆದೆಗೆ ಬರುತ್ತದೆ, ಮುಂದೆ ಹಾಲೂ ಕಮ್ಮಿ. ಎರಡು ವರ್ಷ ಆದ ಮೇಲೆ ‘ಇದರ ತಳಿಯೇ ಸರಿಯಿಲ್ಲ’ ಅಂತ ಸಂತೆಗೆ ಹೊಡೆಯುತ್ತಾರೆ. ತಳಿ ಪಾಪ ಏನು ಮಾಡೀತು?

ನಿಮ್ಮ ಕರುವಿಗೆ ನಾಲ್ಕೈದು ದಿನ ಆಗಿದೆ, ಹಾಲಿನ ಆಸೆ ಇಳಿದಿದೆ. ಈ ಉತ್ತರ ಅಚ್ಚಾಗುವವರೆಗೆ ಕಾಯುವುದು ಬೇಡ ಅಂತ ನಿಮ್ಮ ನಂಬರಿಗೆ ಅವತ್ತೇ ಫೋನ್ ಮಾಡಿ, ಡಾಕ್ಟರನ್ನು ಕರೆಸಲು ಹೇಳಿದ್ದೇನೆ. ಉಳಿದವರೂ ನೆನಪಿಟ್ಟುಕೊಳ್ಳಿ: ಮನೆ ಬಾಗಿಲಿಗೆ ಬರುವ ಪಶು ಚಿಕಿತ್ಸೆಯ ಗಾಡಿ ಪಶು ಸಂಜೀವಿನಿಗೆ 1962ಕ್ಕೆ ಕರೆ ಮಾಡಬೇಕು. ಫೋನಿನಲ್ಲಿ ‘ಕರುವಿಗೆ ಹುಷಾರಿಲ್ಲ’ ಅಂದರೆ ಸಾಲದು. ‘ಜ್ವರ 104, ಉಸಿರು 60, ಎರಡೂ ಹೊಳ್ಳೆಯಲ್ಲಿ ಹಳದಿ ಸಿಂಬಳ’ ಅನ್ನಿ. ಆ ಕಡೆ ಇರುವವರು ತಟ್ಟನೆ ಎದ್ದು ಕೂರುತ್ತಾರೆ.

ಪ್ರಶ್ನೆ: ಕರುವಿಗೆ ಹೊಟ್ಟೆ ಉಬ್ಬರಿಸಿತ್ತು. ಊರಿನ ಒಬ್ಬರು ಶುಂಠಿ, ಮೆಣಸು, ಎಣ್ಣೆ ಕಲಸಿ ಗೊಟ್ಟದಲ್ಲಿ (ದನಗಳಿಗೆ ಔಷಧಿ ಕುಡಿಸುವ ಬಿದಿರಿನ ಕೊಳವೆ) ಕುಡಿಸಿದರು. ಕುಡಿಸುವಾಗಲೇ ಜೋರಾಗಿ ಕೆಮ್ಮಿತು. ಎರಡು ದಿನದ ಮೇಲೆ ಜ್ವರ ಬಂತು. ಈಗ ಉಸಿರು ಕೆಟ್ಟ ವಾಸನೆ. ಕುಡಿಸಿದ್ದರಿಂದ ಹೀಗಾಯಿತಾ? — ಓದುಗರು, ಹೊಸನಗರ

ಉತ್ತರ: ಹೌದು, ಅದರಿಂದಲೇ. ಔಷಧಿ ಹೊಟ್ಟೆಗೆ ಹೋಗುವ ಬದಲು ಶ್ವಾಸಕೋಶಕ್ಕೆ ಹೋಗಿದೆ. ಎಣ್ಣೆ ಅಲ್ಲಿಂದ ಹೊರಗೆ ಬರುವುದಿಲ್ಲ. ಉಸಿರು ನಾರುತ್ತಿದೆ ಅಂದರೆ ಒಳಗೆ ಕೊಳೆಯಲು ಶುರುವಾಗಿದೆ. ಸುಳ್ಳು ಸಮಾಧಾನ ಹೇಳಲಾರೆ, ಈ ಹಂತದಲ್ಲಿ ಉಳಿಯುವ ಕರುಗಳು ಕಮ್ಮಿ. ಆದರೂ ಇವತ್ತೇ ಡಾಕ್ಟರಿಗೆ ತೋರಿಸಿ.

ಮಲೆನಾಡಲ್ಲಿ ಕೆಲಸ ಮಾಡುವಾಗ ಇಂಥವನ್ನು ಬಹಳ ನೋಡಿದೆ. ಎಲ್ಲ ಕಡೆ ಕುಡಿಸುವ ರೀತಿ ಒಂದೇ. ಒಬ್ಬರು ಕರುವಿನ ತಲೆಯನ್ನು ಆಕಾಶಕ್ಕೆ ಎತ್ತುತ್ತಾರೆ. ಇನ್ನೊಬ್ಬರು ನಾಲಿಗೆಯನ್ನು ಹೊರಗೆಳೆದು ಹಿಡಿಯುತ್ತಾರೆ. ಮೂರನೆಯವರು ಗೊಟ್ಟವನ್ನು ಗಂಟಲವರೆಗೆ ತೂರಿಸಿ ಒಂದೇ ಸಲಕ್ಕೆ ಸುರಿಯುತ್ತಾರೆ. ನೀವೇ ಕತ್ತು ಹಿಂದಕ್ಕೆ ಬಾಗಿಸಿ, ನಾಲಿಗೆ ಹೊರಗೆ ಚಾಚಿ ಒಂದು ಗುಟುಕು ನುಂಗಲು ಪ್ರಯತ್ನಿಸಿ ನೋಡಿ. ಆಗುವುದಿಲ್ಲ, ಅಲ್ವಾ?

ಕುಡಿಸಲೇಬೇಕಾದರೆ ಕರು ನಿಂತಿರಬೇಕು. ಮೂತಿ ಕಣ್ಣಿನ ಮಟ್ಟಕ್ಕಿಂತ ಮೇಲೆ ಹೋಗಬಾರದು. ನಾಲಿಗೆ ಮುಟ್ಟಬೇಡಿ. ಬಾಯಿಯ ಪಕ್ಕದಲ್ಲಿ ಹಲ್ಲಿಲ್ಲದ ಸಂದಿ ಇದೆ, ಅಲ್ಲಿಂದ ಕೆನ್ನೆಯೊಳಗೆ ಸ್ವಲ್ಪ ಸ್ವಲ್ಪವೇ ಬಿಡಿ, ನುಂಗಿದ ಮೇಲೆ ಮುಂದಿನದು. ಕೆಮ್ಮಿದರೆ ತಕ್ಷಣ ತಲೆ ಬಿಟ್ಟುಬಿಡಿ. ಮಲಗಿಬಿಟ್ಟ, ತಲೆ ಎತ್ತಲಾಗದ ಕರುವಿಗೆ ಬಾಯಿಂದ ಏನನ್ನೂ ಕುಡಿಸಬೇಡಿ, ನೀರನ್ನೂ ಸಹ.

ಬಾಟಲಿಯಲ್ಲಿ ಹಾಲು ಕೊಡುವವರಿಗೂ ಒಂದು ಮಾತು. ಬೇಗ ಕುಡಿಯಲಿ ಅಂತ ನಿಪ್ಪಲ್ಲಿನ ತೂತನ್ನು ಕತ್ತರಿಯಿಂದ ದೊಡ್ಡದು ಮಾಡುತ್ತೀರಿ. ಕರು ಚೀಪುವ ಮೊದಲೇ ಹಾಲು ಧಾರೆಯಾಗಿ ಗಂಟಲಿಗೆ ಸುರಿಯುತ್ತದೆ. ಅದೂ ಇದೇ ಕಥೆ.

ಪ್ರಶ್ನೆ: ಸಾಫ್ಟ್‌ವೇರ್ ಕೆಲಸ ಬಿಟ್ಟು ಡೇರಿ ಮಾಡಿದ್ದೇನೆ. 20 ಹಸು, 9 ಕರು. ಚಳಿಗಾಲಕ್ಕೆ ಕರುಗಳ ಶೆಡ್ಡಿಗೆ ನಾಲ್ಕೂ ಕಡೆ ಟಾರ್ಪಾಲ್ ಕಟ್ಟಿಸಿದ್ದೇನೆ. ಆದರೂ ಒಂದಾದ ಮೇಲೊಂದು ಕೆಮ್ಮುತ್ತಿವೆ. ಹೊಸದಾಗಿ 3 ಕರುಗಳನ್ನು ಸಂತೆಯಿಂದ ತಂದಿದ್ದೆ. ಕಾಯಿಲೆ ಮೊದಲೇ ಹಿಡಿಯಲು ಕಿವಿಗೆ ಹಾಕುವ ಸೆನ್ಸರ್ ಬಂದಿದೆಯಂತೆ. ಕೊಳ್ಳಬಹುದಾ? ಸ್ಕ್ಯಾನಿಂಗ್ ಮಾಡಿಸಬಹುದಾ? — ಓದುಗರು, ಚಿಂತಾಮಣಿ

ಉತ್ತರ: ತಮ್ಮಾ, ಸೆನ್ಸರ್ ಆಮೇಲೆ ಕೊಳ್ಳುವೆಯಂತೆ. ಮೊದಲು ಬೆಳಗಿನ ಜಾವ, ಟಾರ್ಪಾಲ್ ತೆಗೆಯುವ ಮುಂಚೆ, ಶೆಡ್ಡಿನ ಒಳಗೆ ಹೋಗಿ ಮಂಡಿಯೂರಿ ಕೂತ್ಕೋ. ಕರುವಿನ ಮೂಗು ಎಷ್ಟು ಎತ್ತರದಲ್ಲಿರುತ್ತದೋ ಅಷ್ಟಕ್ಕೆ ನಿನ್ನ ಮೂಗು ತಂದು ಒಂದೆರಡು ನಿಮಿಷ ಉಸಿರಾಡು. ಕಣ್ಣು ಉರಿದರೆ, ಗಂಜಲದ ಘಾಟು ಮೂಗಿಗೆ ಹೊಡೆದರೆ ಉತ್ತರ ಅಲ್ಲೇ ಸಿಕ್ಕಿತು. ಅದು ಅಮೋನಿಯಾ. ನಿಂತಾಗ ನಮಗೆ ಅಷ್ಟು ಗೊತ್ತಾಗುವುದಿಲ್ಲ, ನೆಲದ ಹತ್ತಿರ ಮಲಗುವ ಕರು ರಾತ್ರಿಯೆಲ್ಲ ಅದನ್ನೇ ಕುಡಿಯುತ್ತದೆ. ಗಾಳಿಕೊಳವೆಯ ಒಳಪದರ ಕೆಡಲು ವೈರಸ್ಸೇ ಬೇಕು ಅಂತಿಲ್ಲ, ಈ ಘಾಟೂ ಅದೇ ಕೆಲಸ ಮಾಡುತ್ತದೆ.

ಕರುವಿಗೆ ಚಳಿಗಿಂತ ತೇವ ಕೆಟ್ಟದ್ದು. ಒಣ ಹುಲ್ಲು ದಪ್ಪಗೆ ಹಾಸಿದ್ದರೆ ಕೋಲಾರ ಸೀಮೆಯ ಚಳಿ ದೊಡ್ಡ ಕಷ್ಟವೇನಲ್ಲ. ಮಲಗಿದಾಗ ಕಾಲುಗಳು ಹುಲ್ಲಿನಲ್ಲಿ ಹೂತು ಕಾಣದಂತಿರಬೇಕು. ಟಾರ್ಪಾಲನ್ನು ಕರುವಿನ ಎತ್ತರಕ್ಕಷ್ಟೇ ಬಿಡು, ಅದರ ಮೇಲೆ ಸೂರಿನವರೆಗೆ ತೆರೆದಿರಲಿ. ಮೈಮೇಲೆ ನೇರ ಗಾಳಿ ಬೀಸಬಾರದು, ತಲೆಯ ಮೇಲೆ ಗಾಳಿ ಓಡಾಡಬೇಕು. ರಬ್ಬರ್ ಮ್ಯಾಟ್ ಬರೀ ಹಾಸಿ ಬಿಟ್ಟಿದ್ದರೆ ಅದನ್ನು ಎತ್ತಿ ಕೆಳಗೆ ನೋಡು, ಎಷ್ಟು ಗಂಜಲ ನಿಂತಿದೆ ಅಂತ.

ಸಂತೆಯ ಕರುಗಳನ್ನು ಬಂದ ದಿನವೇ ಉಳಿದವುಗಳ ಜೊತೆ ಬಿಟ್ಟೆ, ಅಲ್ವಾ? ಪತ್ರದಲ್ಲಿ ಬರೆದಿಲ್ಲ, ಆದರೂ ನನಗೆ ಹಾಗನ್ನಿಸಿತು. ಲಾರಿಯಲ್ಲಿ ನಿಂತು ಸುಸ್ತಾಗಿ, ಹತ್ತೂರಿನ ದನಗಳ ಜೊತೆ ಮೂಗು ತಾಕಿಸಿ ಬಂದ ಕರು ಅದು. ಎರಡು ಮೂರು ವಾರ ಬೇರೆ ಜಾಗದಲ್ಲಿ ಕಟ್ಟು. ಬಕೆಟ್ಟೂ ಬೇರೆ ಇರಲಿ. ಕೊನೆಗೆ ಅವಕ್ಕೆ ಹಾಲು ಕೊಡು, ಮೊದಲಿಗಲ್ಲ. ಇನ್ನೊಂದು: ಅವು ಹುಟ್ಟಿದಾಗ ಗಿಣ್ಣು ಕುಡಿದಿದ್ದವಾ ಅಂತ ಸಂತೆಯಲ್ಲಿ ಯಾರೂ ಹೇಳುವುದಿಲ್ಲ. ಕರು ಹುಟ್ಟುವಾಗ ಅದರ ರಕ್ತದಲ್ಲಿ ರೋಗ ತಡೆಯುವ ಶಕ್ತಿ ಹೆಚ್ಚುಕಮ್ಮಿ ಇರುವುದೇ ಇಲ್ಲ, ಬರುವುದೆಲ್ಲ ಗಿಣ್ಣಿನಿಂದ. ಅದನ್ನು ಹೀರಿಕೊಳ್ಳುವ ಕರುಳಿನ ಬಾಗಿಲು ಹುಟ್ಟಿದ ಗಂಟೆಯಿಂದಲೇ ಮುಚ್ಚುತ್ತಾ ಬಂದು ಒಂದು ದಿನದೊಳಗೆ ಮುಚ್ಚಿಬಿಡುತ್ತದೆ. ಮೊದಲ ಎರಡು ಗಂಟೆಯಲ್ಲೇ ಕುಡಿಸಬೇಕು. 30 ಕೆಜಿ ಕರುವಿಗೆ ಸುಮಾರು 3 ಲೀಟರ್. ಹಸುವಿನ ಕಸ (ಸತ್ತೆ) ಬೀಳಲಿ ಅಂತ ಕಾಯುತ್ತಾ ಕೂರುವ ಪದ್ಧತಿ ಇನ್ನೂ ಇದೆ, ನಿನ್ನ ಆಳುಗಳಿಗೆ ಮೊದಲೇ ಹೇಳಿಡು.

ಈಗ ನಿನ್ನ ಮೆಷಿನ್ ವಿಷಯ. ಕಾಸಿಲ್ಲದ ಮೆಷಿನ್ ಒಂದಿದೆ, ಬರೀ ಕಾಗದ. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದವರು ಕರುಗಳಿಗೆ ಅಂಕ ಕೊಡುವ ಒಂದು ಪಟ್ಟಿ ಮಾಡಿದ್ದಾರೆ. ಜ್ವರ, ಕೆಮ್ಮು, ಮೂಗು, ಆಮೇಲೆ ಕಣ್ಣು ಕಿವಿಯಲ್ಲಿ ಯಾವುದು ಜಾಸ್ತಿ ಕೆಟ್ಟಿದೆಯೋ ಅದು. ಪ್ರತಿಯೊಂದಕ್ಕೂ 0ಯಿಂದ 3. ಕೂಡಿದಾಗ 4 ಬಂದರೆ ಕಣ್ಣಿಡಬೇಕು, 5 ಅಥವಾ ಜಾಸ್ತಿ ಬಂದರೆ ಚಿಕಿತ್ಸೆ. ಜ್ವರ 103 ದಾಟಿದರೆ ಅದೊಂದಕ್ಕೇ 3 ಅಂಕ. ಕೆಮ್ಮು ನೋಡಲು ಗಂಟಲಿನ ಕೊಳವೆಯನ್ನು ಮೆಲ್ಲಗೆ ಒತ್ತುತ್ತಾರೆ. ಚೆನ್ನಾಗಿದ್ದರೆ ಸುಮ್ಮನಿರುತ್ತದೆ, ಕೆರಳಿದ್ದರೆ ಮತ್ತೆ ಮತ್ತೆ ಕೆಮ್ಮುತ್ತದೆ. 12 ಕರುಗಳಿಗೆ ವಾರಕ್ಕೆರಡು ಸಲ ಇದನ್ನು ಮಾಡುವುದು ನಿನ್ನಂಥ ಲೆಕ್ಕದ ಮನುಷ್ಯನಿಗೆ ಕಷ್ಟವಲ್ಲ.

ಸ್ಕ್ಯಾನಿಂಗ್ ಒಳ್ಳೆಯದೇ. ಗಬ್ಬ ನೋಡಲು ಬಳಸುವ ಅದೇ ಸ್ಕ್ಯಾನರನ್ನು ಕರುವಿನ ಎದೆಗೂ ಇಡಬಹುದು, ಕೂದಲಿಗೆ ಸ್ಪಿರಿಟ್ ಸವರಿದರೆ ಸಾಕು, ಬೋಳಿಸಬೇಕಿಲ್ಲ. ಗಾಳಿ ತುಂಬಿದ ಶ್ವಾಸಕೋಶ ಬೆಳ್ಳನೆಯ ಗೆರೆಯಾಗಿ ಕಾಣುತ್ತದೆ, ಗಟ್ಟಿಯಾದ ಭಾಗ ಬೇರೆಯೇ ಕಾಣುತ್ತದೆ. ಹೊರಗಿನಿಂದ ಏನೂ ತೋರಿಸದ, ಕೆಮ್ಮದ, ಜ್ವರವಿಲ್ಲದ ಕರುಗಳಲ್ಲೂ ಹೀಗೆ ರೋಗ ಸಿಕ್ಕಿದೆ. ನಿಮ್ಮ ಡಾಕ್ಟರ ಹತ್ತಿರ ಆ ಯಂತ್ರ ಇದ್ದರೆ, ಎದೆ ನೋಡುವ ಅಭ್ಯಾಸವೂ ಇದ್ದರೆ ಮಾಡಿಸು. ಸೆನ್ಸರ್ ವಿಷಯದಲ್ಲಿ ನನ್ನ ಅಭಿಪ್ರಾಯ ಇಷ್ಟೇ: ಅದು ಕರು ಕಮ್ಮಿ ಓಡಾಡಿತು, ಬಿಸಿಯಾಯಿತು ಅಂತ ಹೇಳೀತು. ಆ ದುಡ್ಡಿಗೆ ಮೊದಲು ಒಣ ಹುಲ್ಲು ತರಿಸು.

ಪ್ರಶ್ನೆ: ನ್ಯುಮೋನಿಯಾ ಅಂತ ಡಾಕ್ಟರು ಐದು ದಿನ ಇಂಜೆಕ್ಷನ್ ಹೇಳಿದ್ದರು. ಎರಡೇ ದಿನಕ್ಕೆ ಕರು ಚೆನ್ನಾಗಾಯಿತು, ನಿಲ್ಲಿಸಿದೆವು. ಹತ್ತು ದಿನಕ್ಕೆ ಮತ್ತೆ ಬಂತು. ಮನೆಯಲ್ಲಿದ್ದ ನೋವಿನ ಮಾತ್ರೆ ಪುಡಿ ಮಾಡಿ ಕೊಡಬಹುದಾ? — ಓದುಗರು, ಮಾಗಡಿ

ಉತ್ತರ: ಎರಡು ದಿನಕ್ಕೆ ಇಳಿದದ್ದು ಜ್ವರ. ಎದೆಯೊಳಗಿನ ಬ್ಯಾಕ್ಟೀರಿಯಾ ಅಷ್ಟು ಬೇಗ ಹೋಗುವುದಿಲ್ಲ. ಉಳಿದವು ಮತ್ತೆ ಬೆಳೆದಿವೆ, ಈಗ ಅದೇ ಇಂಜೆಕ್ಷನ್ ಕೆಲಸ ಮಾಡುತ್ತದೆ ಅನ್ನುವ ಭರವಸೆಯೂ ಇಲ್ಲ. ಮೊದಲು ಕೊಟ್ಟ ಔಷಧಿಯ ಬಾಟಲಿ ಅಥವಾ ಚೀಟಿ ಎಸೆಯದೆ ಡಾಕ್ಟರಿಗೆ ತೋರಿಸಿ.

ಮಾತ್ರೆ ಮಾತ್ರ ಬೇಡ. ಅದು ಯಾವುದೋ ಏನೋ. ಡೈಕ್ಲೋಫೆನಾಕ್ ಆಗಿದ್ದರೆ ದನಗಳಿಗೆ ಕೊಡುವುದನ್ನು 2006ರಲ್ಲೇ ನಿಷೇಧಿಸಿದ್ದಾರೆ. 2023ರಲ್ಲಿ ಕೀಟೋಪ್ರೊಫೆನ್, ಅಸಿಕ್ಲೋಫೆನಾಕ್ ಕೂಡ ಆ ಪಟ್ಟಿಗೆ ಸೇರಿದವು. ಆ ಔಷಧಿ ಮೈಯಲ್ಲಿದ್ದ ದನ ಸತ್ತು, ಅದನ್ನು ತಿಂದ ರಣಹದ್ದುಗಳ ಮೂತ್ರಪಿಂಡ ಕೆಟ್ಟು ಸಾಯುತ್ತವೆ. ದೇಶದ ರಣಹದ್ದುಗಳು ಹೀಗೆ ಸಾಲುಸಾಲಾಗಿ ಹೋದವು. ನಿಮ್ಮ ಪಕ್ಕದ ರಾಮನಗರದ ರಾಮದೇವರ ಬೆಟ್ಟವನ್ನು 2012ರಲ್ಲಿ ರಣಹದ್ದು ಧಾಮ ಅಂತ ಮಾಡಿರುವುದು ಗೊತ್ತಲ್ಲ? ಜ್ವರ, ನೋವಿಗೆ ಮೆಲಾಕ್ಸಿಕ್ಯಾಮ್ ಇದೆ. ಎಷ್ಟು ಕೊಡಬೇಕು ಅನ್ನುವುದನ್ನು ತೂಕ ನೋಡಿ ಡಾಕ್ಟರು ಹೇಳಲಿ.

ಪ್ರಶ್ನೆ: ಡಾಕ್ಟರಮ್ಮನವರಿಗೆ ನಮಸ್ಕಾರರೀ. ಒಂದು ವರ್ಷದ ಎಮ್ಮೆಗರುವಿಗೆ ಗದ್ದದ ಕೆಳಗೆ ಬಾವು ಬಂದದ. ಉಸಿರಾಟ ಜೋರು ಅದ. ಗಳಲೆ ರೋಗ ಇರಬಹುದೇನ್ರೀ? — ಓದುಗರು, ಇಂಡಿ

ಉತ್ತರ: ಬಾವನ್ನು ಮುಟ್ಟಿ ನೋಡಿ. ಬಿಸಿಯಾಗಿ, ಗಟ್ಟಿಯಾಗಿ, ಮುಟ್ಟಿದರೆ ನೋವಾಗುತ್ತಿದ್ದು, ಜ್ವರ 105–106 ಇದ್ದು, ಜೊಲ್ಲು ಸುರಿಸುತ್ತಾ ಗೊರಗೊರ ಅನ್ನುತ್ತಿದ್ದರೆ ಗಳಲೆ ರೋಗವೇ (ಗಂಟಲು ಬಾತು ಉಸಿರು ಕಟ್ಟಿಸುವ ಸೋಂಕು) ಅಂದುಕೊಂಡು ಡಾಕ್ಟರ ಹತ್ತಿರ ಓಡಿ. ಎಮ್ಮೆಗಳನ್ನು ಅದು ಹಸುವಿಗಿಂತ ಜೋರಾಗಿ ಹಿಡಿಯುತ್ತದೆ, ಒಂದು ದಿನದೊಳಗೆ ಕೊಲ್ಲುತ್ತದೆ. ನಾಳೆ ನೋಡೋಣ ಅನ್ನುವ ಕಾಯಿಲೆ ಅಲ್ಲ. ಬಾವು ತಣ್ಣಗೆ, ಮೆತ್ತಗೆ, ನೋವಿಲ್ಲದೆ ಇದ್ದು ಜ್ವರವೂ ಇಲ್ಲದಿದ್ದರೆ ಜಂತುಹುಳದಿಂದ ರಕ್ತ ಕಮ್ಮಿಯಾಗಿ ನೀರು ತುಂಬಿರಬಹುದು. ಆಗ ಸಗಣಿ ಪರೀಕ್ಷೆ ಮಾಡಿಸಿ.

ಗಳಲೆ ರೋಗಕ್ಕೆ ಲಸಿಕೆ ನಮ್ಮ ಹೆಬ್ಬಾಳದ ಪಶು ಲಸಿಕೆ ಸಂಸ್ಥೆಯಲ್ಲೇ ತಯಾರಾಗುತ್ತದೆ. 6 ತಿಂಗಳು ದಾಟಿದ ಎಲ್ಲಕ್ಕೂ ಮಳೆಗಾಲಕ್ಕೆ ಮುಂಚೆ ವರ್ಷಕ್ಕೊಮ್ಮೆ ಹಾಕಿಸಬೇಕು. ಲಸಿಕೆಯವರು ಬಂದಾಗ ‘ಹಾಲು ಕಮ್ಮಿಯಾಗುತ್ತೆ’ ಅಂತ ಎಮ್ಮೆಯನ್ನು ಹೊಲಕ್ಕೆ ಹೊಡೆದುಕೊಂಡು ಹೋಗುವವರನ್ನು ಬಹಳ ಕಂಡಿದ್ದೇನೆ. ನೀವು ಹಾಗೆ ಮಾಡಿಲ್ಲ ಅಂದ್ಕೊಳ್ತೀನಿ.

ಪ್ರಶ್ನೆ: ಸೊಳ್ಳೆಗೆ ದಿನಾ ಸಂಜೆ ಕೊಟ್ಟಿಗೆಯಲ್ಲಿ ಬೇವಿನ ಸೊಪ್ಪಿನ ಹೊಗೆ ಹಾಕುತ್ತೇವೆ. ಕರುವಿಗೆ ತೊಂದರೆ ಇದೆಯಾ? — ಓದುಗರು, ಕೆ.ಆರ್. ನಗರ

ಉತ್ತರ: ಬಾಗಿಲು ಕಿಟಕಿ ಮುಚ್ಚಿ ಹಾಕಿದರೆ ಇದೆ. ಕೊಟ್ಟಿಗೆಯ ಹೊರಗೆ, ಗಾಳಿ ಬರುವ ಕಡೆ ಸ್ವಲ್ಪ ದೂರದಲ್ಲಿ ಹಾಕಿ. ಹೊಗೆ ತೆಳ್ಳಗೆ ಹಾದು ಹೋಗಬೇಕು, ಒಳಗೆ ನಿಲ್ಲಬಾರದು. ಈಗಾಗಲೇ ಕೆಮ್ಮುತ್ತಿರುವ ಕರು ಇದ್ದರೆ ಹೊಗೆ ಪೂರ್ತಿ ನಿಲ್ಲಿಸಿ, ಅದಕ್ಕೊಂದು ಸೊಳ್ಳೆ ಪರದೆ ಕಟ್ಟಿ. ಮನೆಯಲ್ಲಿ ಹರಿದು ಮೂಲೆಗೆ ಬಿದ್ದಿರುವ ಹಳೇ ಪರದೆ ಹೊಲಿದರೂ ನಡೆಯುತ್ತದೆ. ಮೂತಿಗೆ ಸಿಗದಂತೆ ಎತ್ತರಕ್ಕೆ ಕಟ್ಟಿ, ಇಲ್ಲದಿದ್ದರೆ ಬೆಳಗಾಗುವುದರೊಳಗೆ ಅರ್ಧ ಅಗಿದಿರುತ್ತದೆ.